ಕೈಲಾಂಚದ ಮಳೆ, ನಾಲ್ಕು ನಾಲ್ಕು ಬೈಟ್‌ಗಳಲ್ಲಿ

ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿ ದೇಶದ ಮಳೆಯ ಲೆಕ್ಕವನ್ನು ವರ್ಷಕ್ಕೊಂದು ಫೈಲಿನಂತೆ ತನ್ನ ಜಾಲತಾಣದಲ್ಲಿ ಇಟ್ಟಿದೆ. ಮೊದಲ ಫೈಲು 1901ರದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡು ಕೊಡಬೇಕಾಗಿಲ್ಲ. 2022ರ ಫೈಲಿನ ಗಾತ್ರ 2,54,25,900 ಬೈಟ್. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪರದೆಯ ತುಂಬ ಚೌಕಗಳು, ಪ್ರಶ್ನೆ ಚಿಹ್ನೆಗಳು, ಯಾವ ಭಾಷೆಗೂ ಸೇರದ ಅಕ್ಷರಗಳು. ನನ್ನ ವಿದ್ಯಾರ್ಥಿಗಳ ಬಾಯಲ್ಲಿ ಮೊದಲು ಬರುವುದು ಒಂದೇ ಮಾತು: "ಮೇಡಂ, ಫೈಲ್ ಹಾಳಾಗಿದೆ." ಹಾಳಾಗಿಲ್ಲ. ಕೈಲಾಂಚ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆ ಆ ವರ್ಷ ಬಿದ್ದ ಮಳೆ ದಿನದಿನಕ್ಕೂ ಮಿಲಿಮೀಟರಿನಲ್ಲಿ ಅದರೊಳಗೆ ಇದೆ. ಮನುಷ್ಯರ ಕಣ್ಣಿಗಾಗಿ ಬರೆದಿಲ್ಲ, ಅಷ್ಟೆ. ಇಂಥವುಗಳಿಗೆ ಬೈನರಿ ಫೈಲ್ ಎನ್ನುತ್ತಾರೆ.

ನಾನು ರಾಮನಗರದ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಊರು ಕೈಲಾಂಚ ಹೋಬಳಿಯಲ್ಲಿ. ಮನೆಯಲ್ಲಿ ರೇಷ್ಮೆ ಇದೆ, ಸ್ವಲ್ಪ ಮಾವು ಇದೆ, ಹೊಲದಲ್ಲಿ ರಾಗಿ. ಹುಳ ಪೊರೆ ಬಿಡುವ ನಾಲ್ಕನೇ ಜ್ವರ ಕಳೆದು ಸೊಪ್ಪು ಮುಕ್ಕುವ ವಾರದಲ್ಲಿ ಮಳೆ ಬಿಡದೆ ಹಿಡಿದುಕೊಂಡರೆ ಒದ್ದೆ ಸೊಪ್ಪು ಹಾಕುವುದೋ ಬೇಡವೋ ಎಂಬ ಸಂಕಟ. ಏಪ್ರಿಲ್‌ನಲ್ಲಿ ಗಾಳಿಮಳೆ ಬಂದರೆ ಮಾವಿನಕಾಯಿ ನೆಲದ ಪಾಲು. ಹಾಗಾಗಿ ನಮ್ಮ ಕಡೆ ಮಳೆಯ ಮಾತು ಕಾಲಹರಣದ ಮಾತಾಗುವುದಿಲ್ಲ. ಚಿಕ್ಕಪ್ಪ ಒಮ್ಮೆ ಜಗಲಿಯ ಮೇಲೆ ಕೂತು ಕೇಳಿದರು: "ಅಲ್ಲ ಕಣವ್ವ, ಆರಿದ್ರಾ ಮಳೆ ಮುಂಚೆ ಹೊಯ್ದಂಗೆ ಈಗ ಹೊಯ್ಯಕಿಲ್ಲ ಅಂತೀನಿ ನಾನು. ನೀವು ಓದ್ದೋರು ಏನಂತೀರಿ?"

ಅದಕ್ಕೆ ನಿಜವಾದ ಉತ್ತರ ಬೇಕಿದ್ದರೆ ಜಿಲ್ಲೆಯ ಸರಾಸರಿ ಮಳೆಯ ಪಟ್ಟಿಗಳಿಂದ ಸಿಗುವುದಿಲ್ಲ. ನಮ್ಮ ಜಿಲ್ಲೆಯ ಹೆಸರು, ಗಡಿ ಎರಡೂ ನಿಂತಲ್ಲಿ ನಿಂತಿಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಬೆಂಗಳೂರು ಜಿಲ್ಲೆಯಲ್ಲಿದ್ದ ಊರುಗಳು 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು, 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಅದೇ ಜಿಲ್ಲೆ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆಯಿತು. ಹಳೆಯ ವರದಿಗಳಲ್ಲಿ ಕೈಲಾಂಚದ ಮಳೆ ಹುಡುಕುವವರು ಪ್ರತಿ ಸಲವೂ ಬೇರೆ ತಲೆಬರಹದ ಕೆಳಗೆ ಹುಡುಕಬೇಕು, ಪ್ರತಿ ಸಲವೂ ಬೇರೆ ವಿಸ್ತೀರ್ಣದ ಸರಾಸರಿಯನ್ನು ಒಪ್ಪಿಕೊಳ್ಳಬೇಕು. ಪುಣೆಯ ಫೈಲಿಗೆ ಜಿಲ್ಲೆ ಗೊತ್ತಿಲ್ಲ, ತಾಲೂಕು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಕ್ಷಾಂಶ ಮತ್ತು ರೇಖಾಂಶ ಮಾತ್ರ. ಆ ಕಾರಣಕ್ಕೇ ನಾನು ಅದನ್ನು ನಂಬಿ ಹಿಡಿದೆ.

ಫೈಲಿನ ಒಳಗಿನ ಏರ್ಪಾಡು ಹೀಗಿದೆ. ದಕ್ಷಿಣದಲ್ಲಿ 6.5 ಡಿಗ್ರಿಯಿಂದ ಉತ್ತರದಲ್ಲಿ 38.5 ಡಿಗ್ರಿಯವರೆಗೆ, ಪಶ್ಚಿಮದಲ್ಲಿ 66.5ರಿಂದ ಪೂರ್ವದಲ್ಲಿ 100ರವರೆಗೆ, ಕಾಲು ಡಿಗ್ರಿಗೊಂದು ಬಿಂದು. ಅಂದರೆ 129 ಸಾಲು, ಸಾಲಿಗೆ 135 ಬಿಂದು, ಒಟ್ಟು 17,415. ಅಳತೆ ಹಿಡಿದು ನೆಟ್ಟ ಮಾವಿನ ತೋಪಿನಲ್ಲಿ ಮರಗಳಿಗೆ ಚೀಟಿ ಕಟ್ಟಿರುವುದಿಲ್ಲ, ಆದರೂ ದಕ್ಷಿಣದ ಬೇಲಿಯಿಂದ ಇಪ್ಪತ್ತಾರನೇ ಸಾಲು, ಪಶ್ಚಿಮದ ಬೇಲಿಯಿಂದ ನಲವತ್ತನಾಲ್ಕನೇ ಮರ ಎಂದರೆ ಆಳು ನೇರ ಹೋಗಿ ಅದೇ ಮರದ ಬುಡದಲ್ಲಿ ನಿಲ್ಲುತ್ತಾನೆ. ಈ ಫೈಲಿನಲ್ಲೂ ಯಾವ ಸಂಖ್ಯೆಗೂ ಹೆಸರಿಲ್ಲ, ತಾರೀಖಿಲ್ಲ, ಸಂಖ್ಯೆಗಳ ನಡುವೆ ಅಲ್ಪವಿರಾಮ ಕೂಡ ಇಲ್ಲ. ಎಲ್ಲವೂ ಜಾಗದ ಲೆಕ್ಕ. ಜನವರಿ 1ರ 17,415 ಸಂಖ್ಯೆ, ಅದರ ಬೆನ್ನಿಗೇ ಜನವರಿ 2ರದು, ಹೀಗೆ ಡಿಸೆಂಬರ್ 31ರವರೆಗೆ. ಒಂದೊಂದು ಸಂಖ್ಯೆಗೆ ನಾಲ್ಕು ಬೈಟ್, ದಿನಕ್ಕೆ 69,660 ಬೈಟ್. ಅದನ್ನು 365ರಿಂದ ಗುಣಿಸಿದರೆ ಮೊದಲು ಹೇಳಿದ ಗಾತ್ರ ಒಂದು ಬೈಟೂ ಹೆಚ್ಚುಕಡಿಮೆಯಿಲ್ಲದೆ ಬರುತ್ತದೆ. ಈ ಗುಣಾಕಾರವನ್ನು ತರಗತಿಯ ಹಲಗೆಯ ಮೇಲೆ ಮಾಡಿಸುತ್ತೇನೆ. ಫೈಲ್ ಹಾಳಾಗಿಲ್ಲ ಎಂಬುದನ್ನು ಹುಡುಗರಿಗೆ ಒಪ್ಪಿಸುವುದು ನನ್ನ ಮಾತಲ್ಲ, ಆ ಗುಣಲಬ್ಧ.

ರಾಮನಗರ ಪಟ್ಟಣಕ್ಕೆ ಹತ್ತಿರದ ಬಿಂದು 12.75 ಡಿಗ್ರಿ ಉತ್ತರ, 77.25 ಡಿಗ್ರಿ ಪೂರ್ವ. ದಿನದ ಮೊದಲ ಬಿಂದುವಿನಿಂದ 3,418 ಸಂಖ್ಯೆ ದಾಟಿದರೆ ಅದು ಸಿಗುತ್ತದೆ. ಕನಕಪುರಕ್ಕೆ 3,284 ದಾಟಬೇಕು, ಮಾಗಡಿಗೆ 3,553. ಕೈಲಾಂಚ ಹೋಬಳಿ ರಾಮನಗರದಿಂದ ದಕ್ಷಿಣಕ್ಕೆ ಚಾಚಿಕೊಂಡಿರುವುದರಿಂದ ನಮ್ಮ ಕಡೆಯವರು 3,418ನ್ನೂ ಅದರ ಕೆಳಗಿನ ಸಾಲಿನ 3,283ನ್ನೂ ಎರಡನ್ನೂ ನೋಡುವುದು ಒಳ್ಳೆಯದು. ಚನ್ನಪಟ್ಟಣದವರಿಗೂ ಇದೇ ಮಾತು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರಕ್ಕೆ ನೀರು ನುಗ್ಗಿದ್ದು, ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ವಾಹನಗಳು ನೀರಿನಲ್ಲಿ ಸಿಕ್ಕಿಕೊಂಡದ್ದು ಎಲ್ಲರಿಗೂ ನೆನಪಿದೆ. ಆಗಸ್ಟ್ 29 ವರ್ಷದ 241ನೇ ದಿನ. ಅದರ ಹಿಂದಿನ 240 ದಿನ ದಾಟಿ, ಆಮೇಲೆ 3,418 ಸಂಖ್ಯೆ ದಾಟಿದರೆ, ಅಂದರೆ ಫೈಲಿನ ಆರಂಭದಿಂದ 1,67,32,072 ಬೈಟ್ ಬಿಟ್ಟರೆ ಮುಂದಿನ ನಾಲ್ಕು ಬೈಟ್ ಆ ದಿನದ ರಾಮನಗರದ ಮಳೆ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. 28ರ ರಾತ್ರಿ ಸುರಿದದ್ದು 29ರ ಲೆಕ್ಕಕ್ಕೆ ಜಮೆಯಾಗುತ್ತದೆ.

ನಾಲ್ಕು ಬೈಟಿನಲ್ಲಿ ಮಳೆ ಹೇಗೆ ಕೂರುತ್ತದೆ? ಒಂದು ಬೈಟಿನಲ್ಲಿ ಹಿಡಿಸುವುದು 0ಯಿಂದ 255ರವರೆಗಿನ ಒಂದು ಪೂರ್ಣಾಂಕ. ದಶಮಾಂಶ ಸಂಖ್ಯೆಯನ್ನು ಚಿಹ್ನೆ, ಘಾತ, ಉಳಿದ ಅಂಕಿ ಎಂದು ಮೂರು ಪಾಲು ಮಾಡಿ ನಾಲ್ಕು ಬೈಟಿನಲ್ಲಿ ಇಡುವ ಕ್ರಮವನ್ನು 1985ರಲ್ಲಿ ಐಇಇಇ 754 ಎಂಬ ಮಾನಕ ನಿಗದಿ ಮಾಡಿತು. ಅದರ ಪ್ರಕಾರ 25 ಮಿಲಿಮೀಟರ್ ಮಳೆ ಈ ಫೈಲಿನಲ್ಲಿ 0, 0, 200, 65 ಎಂದು ಕೂತಿರುತ್ತದೆ. ಸಮುದ್ರ, ನೆರೆದೇಶ ಮುಂತಾದ ಲೆಕ್ಕವಿಲ್ಲದ ಜಾಗಗಳಿಗೆ ಮೈನಸ್ 999 ಎಂಬ ಗುರುತು. ಅದು 0, 192, 121, 196. ನೋಟ್‌ಪ್ಯಾಡ್ ಈ 65ನ್ನು ಕಂಡು ಇಂಗ್ಲಿಷಿನ ಮೊದಲ ಅಕ್ಷರವೆಂದು ತೋರಿಸುತ್ತದೆ. ಅದಕ್ಕೆ ತಿಳಿದಿರುವುದು ಅಷ್ಟೇ.

ಇದನ್ನೆಲ್ಲ ಕೈಯಲ್ಲಿ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಪೈಥಾನ್ ಎಂಬ ಸ್ಕ್ರಿಪ್ಟಿಂಗ್ ಭಾಷೆ ಉಚಿತವಾಗಿ ಸಿಗುತ್ತದೆ, ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಅದಕ್ಕೆ ಸೇರಿಸಿಕೊಳ್ಳುವ ನಂಪೈ ಎಂಬ ಕಟ್ಟಿನಲ್ಲಿ ಫ್ರಂಫೈಲ್ ಎಂಬ ಆಜ್ಞೆ ಇದೆ. ಫೈಲಿನ ಹೆಸರು ಹೇಳಿ, ಒಂದೊಂದು ಸಂಖ್ಯೆ ನಾಲ್ಕು ಬೈಟಿನ ದಶಮಾಂಶ, ಚಿಕ್ಕ ಬೆಲೆಯ ಬೈಟ್ ಮುಂದಿದೆ ಎಂದು ತಿಳಿಸಿದರೆ ಅರವತ್ತಮೂರು ಲಕ್ಷಕ್ಕೂ ಹೆಚ್ಚು ಸಂಖ್ಯೆಗಳು ಕಣ್ಣು ಮಿಟುಕಿಸುವುದರೊಳಗೆ ಒಂದು ಉದ್ದನೆ ಸಾಲಾಗಿ ಬಂದು ನಿಲ್ಲುತ್ತವೆ. ಎರಡನೇ ಆಜ್ಞೆ ರೀಶೇಪ್. ಆ ಸಾಲನ್ನು 365 ದಿನ, 129 ಸಾಲು, 135 ಬಿಂದು ಎಂದು ಮಡಿಚಿಕೊಡುತ್ತದೆ. ಮೂರನೆಯದು ಎಲ್ಲ ದಿನಗಳಿಗೂ ಸಾಲು 25, ಬಿಂದು 43 ಕೊಡು ಎನ್ನುವುದು. ಪೈಥಾನ್ ಸೊನ್ನೆಯಿಂದ ಎಣಿಸುವುದರಿಂದ ಇಪ್ಪತ್ತಾರನೇ ಸಾಲು 25 ಆಗುತ್ತದೆ. ಆಮೇಲೆ ಪ್ರತಿ ಸಂಖ್ಯೆಗೂ ತಾರೀಖು ಜೋಡಿಸಿ ಸಿಎಸ್‌ವಿ ಎಂಬ ಸರಳ ಪಟ್ಟಿಯಾಗಿ ಉಳಿಸಿದರೆ ಎಕ್ಸೆಲ್ ಗೊತ್ತಿರುವ ಯಾರು ಬೇಕಾದರೂ ತೆರೆದು ನೋಡಬಹುದು. ಇಡೀ ಸ್ಕ್ರಿಪ್ಟ್ ನೋಟ್‌ಬುಕ್ಕಿನ ಅರ್ಧ ಪುಟ ದಾಟುವುದಿಲ್ಲ.

ಇದೇ ಕೆಲಸಕ್ಕೆಂದು ಬರೆದ ಐಎಂಡಿಲಿಬ್ ಎಂಬ ಮುಕ್ತ ತಂತ್ರಾಂಶವೂ ಇದೆ. ಫೈಲ್ ಇಳಿಸುವುದರಿಂದ ಪಟ್ಟಿ ಮಾಡುವವರೆಗೆ ತಾನೇ ನೋಡಿಕೊಳ್ಳುತ್ತದೆ. ಇಲಾಖೆ ನೆಟ್‌ಸಿಡಿಎಫ್ ಎಂಬ ಇನ್ನೊಂದು ರೂಪದಲ್ಲೂ ಮಳೆಯ ಲೆಕ್ಕ ಕೊಡುತ್ತದೆ. ಅದರಲ್ಲಿ ಅಕ್ಷಾಂಶ, ತಾರೀಖುಗಳು ಫೈಲಿನೊಳಗೇ ಬರೆದಿರುತ್ತವೆ. ಆತುರವಿದ್ದವರು ಅವನ್ನೇ ಬಳಸಲಿ. ನಾನು ಮಾತ್ರ ವಿದ್ಯಾರ್ಥಿಗಳಿಗೆ ಮೊದಲು ಬರಿಯ ಬೈಟುಗಳಿಂದಲೇ ಓದಿಸುತ್ತೇನೆ. ಬೈನರಿ ಫೈಲನ್ನು ತಪ್ಪಾಗಿ ಓದಿದರೆ ಕಂಪ್ಯೂಟರ್ ಬಹುಪಾಲು ತಕರಾರು ಮಾಡುವುದಿಲ್ಲ. ಅಚ್ಚುಕಟ್ಟಾದ ಸುಳ್ಳು ಪಟ್ಟಿಯನ್ನು ಕೈಗಿಡುತ್ತದೆ. ಅದು ಸುಳ್ಳೆಂದು ಕಂಡುಹಿಡಿಯುವ ಅಭ್ಯಾಸ ಹದಿನೇಳು ಹದಿನೆಂಟನೇ ವಯಸ್ಸಿನಲ್ಲೇ ಕೂಡಬೇಕು.

ಎಂಥ ಸುಳ್ಳುಗಳು ಎಂದರೆ, ಬೈಟುಗಳ ಕ್ರಮವನ್ನು ತಿರುವುಮುರುವು ಹೇಳಿದರೆ 0, 0, 200, 65 ಎಂಬುದು 25ರ ಬದಲು ಸೊನ್ನೆಗೆ ಅಂಟಿಕೊಂಡ, ದಶಮಾಂಶ ಚುಕ್ಕೆಯ ಮುಂದೆ ನಲವತ್ತು ಸೊನ್ನೆಗಳಿರುವ ಸಂಖ್ಯೆಯಾಗುತ್ತದೆ. ಮೈನಸ್ 999ರ ಗತಿಯೂ ಅದೇ. ನೆಲವೂ ಸಮುದ್ರವೂ ಒಂದೇ ಆಗಿ, ಇಂಥ ಮಳೆಯೆಲ್ಲ ಸೊನ್ನೆಗೆ ಇಳಿದುಬಿಡುತ್ತದೆ. ಮೈನಸ್ 999ನ್ನು ತೆಗೆದಿಡದೆ ಕೂಡಿದರೆ ಸಮುದ್ರದ ಬಿಂದುವೊಂದರ ವಾರ್ಷಿಕ ಮಳೆ ಮೈನಸ್ 3,64,635 ಮಿಲಿಮೀಟರ್ ಎಂದು ಬರುತ್ತದೆ. ಇದು ಕಣ್ಣಿಗೆ ಬೀಳುತ್ತದೆ, ಪುಣ್ಯ. ಆದರೆ ಸಾವಿರಾರು ಬಿಂದುಗಳ ಸರಾಸರಿಯಲ್ಲಿ ಇಂಥದೊಂದು ಸೇರಿಕೊಂಡರೆ ಸುಲಭಕ್ಕೆ ತಿಳಿಯುವುದಿಲ್ಲ.

ಇದಕ್ಕಿಂತ ಮೋಸದ್ದು ಸಾಲುಗಳ ದಿಕ್ಕು. ಈ ಫೈಲು ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತದೆ. ನಕಾಶೆ ನೋಡುವ ಅಭ್ಯಾಸದಿಂದ ಉತ್ತರ ಮೇಲಿದೆ ಎಂದುಕೊಂಡು, ರಾಮನಗರದ ಸಾಲನ್ನು ಉತ್ತರದಿಂದ ಎಣಿಸಿ ಸಾಲು 103 ತೆಗೆದರೆ ಸಿಗುವುದು 32.25 ಡಿಗ್ರಿ ಉತ್ತರ, 77.25 ಡಿಗ್ರಿ ಪೂರ್ವ. ಅದು ಹಿಮಾಚಲದ ಮನಾಲಿಯ ಪಕ್ಕ. ರಾಮನಗರದ ರೇಖಾಂಶವೂ ಮನಾಲಿಯ ರೇಖಾಂಶವೂ ಹೆಚ್ಚುಕಡಿಮೆ ಒಂದೇ. ಅಲ್ಲೂ ಮಳೆ ಬೀಳುತ್ತದೆ, ಸಂಖ್ಯೆಗಳು ಮಳೆಯ ಹಾಗೆಯೇ ಕಾಣುತ್ತವೆ, ಅನುಮಾನಕ್ಕೆ ಆಸ್ಪದವಿಲ್ಲ. ಹಾಗಾಗಿ ನನ್ನ ತರಗತಿಯಲ್ಲಿ ಒಂದು ಕಟ್ಟುನಿಟ್ಟು: ಸ್ಕ್ರಿಪ್ಟ್ ಬರೆದವರು ಮೊದಲು ಆಗುಂಬೆಯ ಹತ್ತಿರದ ಬಿಂದುವಿನ ಜುಲೈ ತಿಂಗಳ ಮಳೆಯನ್ನೂ ರಾಮನಗರದ ಜುಲೈ ಮಳೆಯನ್ನೂ ತೆಗೆದು ತೋರಿಸಬೇಕು. ಆಗುಂಬೆಯದು ಹಲವು ಪಟ್ಟು ಬಾರದಿದ್ದರೆ ಸ್ಕ್ರಿಪ್ಟಿನಲ್ಲಿ ಎಲ್ಲೋ ತಪ್ಪಿದೆ. ಇಡೀ ದೇಶದ ಒಂದು ತಿಂಗಳ ಮಳೆಯನ್ನು ಬಣ್ಣದ ಚಿತ್ರ ಮಾಡಿ ನೋಡುವುದು ಇನ್ನೂ ಒಳ್ಳೆಯದು. ಪಶ್ಚಿಮ ಘಟ್ಟ ಒಂದು ಗಾಢ ಪಟ್ಟೆಯಾಗಿ ಕೆಳಗಿನ ಎಡಬದಿಯಲ್ಲಿ ಮೂಡಿದರೆ ದಿಕ್ಕು ಸರಿಯಿದೆ ಎಂದರ್ಥ.

ಹಾಗೆಂದು ಎಲ್ಲ ಫೈಲುಗಳೂ ದಕ್ಷಿಣದಿಂದಲೇ ಶುರುವಾಗುತ್ತವೆ ಎಂದು ಕಲಿತುಬಿಟ್ಟರೂ ಕಷ್ಟ. ನಮ್ಮ ಬೆಟ್ಟಗಳ ಎತ್ತರವೂ ಒಂದು ಬೈನರಿ ಫೈಲಿನಲ್ಲಿದೆ. 2000ನೇ ಇಸವಿಯ ಫೆಬ್ರುವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರೇಡಾರ್‌ನಿಂದ ನೆಲದ ಎತ್ತರ ಅಳೆಯಿತು. ಒಂದು ಡಿಗ್ರಿ ಉದ್ದ, ಒಂದು ಡಿಗ್ರಿ ಅಗಲಕ್ಕೆ ಒಂದು ಫೈಲು. ಉತ್ತರ 12, ಪೂರ್ವ 77 ಎಂಬ ಗುರುತಿನ ಒಂದೇ ಫೈಲಿನೊಳಗೆ ಕೈಲಾಂಚ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲ ಬರುತ್ತವೆ, ಬೆಂಗಳೂರು ನಗರದ ನಡುಭಾಗವೂ ಬರುತ್ತದೆ. 1,201 ಸಾಲು, ಸಾಲಿಗೆ 1,201 ಬಿಂದು, ಬಿಂದುವಿಗೆ ಎರಡು ಬೈಟ್, ಒಟ್ಟು 28,84,802 ಬೈಟ್. ಇಲ್ಲಿ ಸಾಲುಗಳು ಉತ್ತರದಿಂದ ದಕ್ಷಿಣಕ್ಕೆ, ದೊಡ್ಡ ಬೆಲೆಯ ಬೈಟ್ ಮುಂದೆ. ಮಳೆಯ ಫೈಲಿಗೆ ಎಲ್ಲದರಲ್ಲೂ ತದ್ವಿರುದ್ಧ. ಸಾವನದುರ್ಗದ ಎತ್ತರ 1,226 ಮೀಟರ್. ಆ ಸಂಖ್ಯೆಯನ್ನು ಈ ಕ್ರಮದಲ್ಲಿ ಬರೆದರೆ 4, 202. ಮಳೆಯ ಫೈಲಿನ ಅಭ್ಯಾಸದಲ್ಲಿ ಹಿಂದುಮುಂದಾಗಿ ಓದಿದರೆ ಮೈನಸ್ 13,820. ಮಾಗಡಿಯ ಹೆಬ್ಬಂಡೆ ಪೆಸಿಫಿಕ್ ಸಾಗರದ ಮರಿಯಾನಾ ಕಂದರಕ್ಕಿಂತ ಆಳದ ಗುಂಡಿಯಾಗುತ್ತದೆ. ಯಾವ ಬೈನರಿ ಫೈಲ್ ಕೈಗೆ ಬಂದರೂ ಅದರ ಜೊತೆಗಿರುವ ವಿವರಣೆಯ ಹಾಳೆಯನ್ನು ಮೊದಲು ಓದಬೇಕೆನ್ನುವುದು ಇದಕ್ಕೇ.

ಮತ್ತೆ ಮಳೆಗೆ ಬರುತ್ತೇನೆ. 1901ರಿಂದ 2024ರವರೆಗಿನ 124 ಫೈಲುಗಳು ಸೇರಿ ಸುಮಾರು 315 ಕೋಟಿ ಬೈಟ್. ಮೊಬೈಲಿನ ಮೆಮೊರಿ ಕಾರ್ಡಿನಲ್ಲಿ ಹಿಡಿಸುತ್ತವೆ. ಅದರಿಂದ ಒಂದು ಬಿಂದುವಿನ ಮಳೆ ಮಾತ್ರ ತೆಗೆದರೆ 45,291 ದಿನಗಳ ಪಟ್ಟಿ, ಒಂದು ಫೋಟೋಗಿಂತ ಚಿಕ್ಕ ಫೈಲು. ಅಧಿಕ ವರ್ಷಗಳ ಫೈಲಿನಲ್ಲಿ ಒಂದು ದಿನ ಹೆಚ್ಚು ಇರುವುದನ್ನು ಸ್ಕ್ರಿಪ್ಟಿಗೆ ಹೇಳಿರಬೇಕು. ಹೇಳದೆ ಎಲ್ಲವನ್ನೂ ಒಂದಕ್ಕೊಂದು ಅಂಟಿಸಿ 365ರಂತೆ ಕತ್ತರಿಸಿದರೆ ನಾಲ್ಕು ವರ್ಷಕ್ಕೊಂದು ದಿನ ಜಾರುತ್ತಾ ಹೋಗಿ ಕೊನೆಗೆ ಒಂದು ತಿಂಗಳೇ ಜಾರಿರುತ್ತದೆ.

ಪಟ್ಟಿ ಸಿದ್ಧವಾದ ಮೇಲೂ ಚಿಕ್ಕಪ್ಪನ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಅವರು ಕೇಳಿದ್ದು ಜೂನ್ ಜುಲೈ ಅಲ್ಲ, ಆರಿದ್ರಾ. ನಮ್ಮ ರೈತರ ಮಳೆಗಳು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದರ ಮೇಲೆ ಹೆಸರು ಪಡೆಯುತ್ತವೆ. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಈಗ ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರಾ ಜೂನ್ 22ರ ಸುಮಾರಿಗೆ ಹುಟ್ಟುತ್ತವೆ. ಹೆದ್ದಾರಿ ಮುಳುಗಿದ ಆ ದಿನಗಳು ಮಘೆಯವು. ಹಾಗಾಗಿ ನಮ್ಮ ಸ್ಕ್ರಿಪ್ಟಿಗೆ ಇನ್ನೊಂದು ಮಾರ್ಪಾಟು ಸೇರಿಸಿದೆವು: ದಿನದ ಮಳೆಯನ್ನು ನಕ್ಷತ್ರದ ಮಳೆಯಾಗಿ ಕೂಡಿಸುವುದು. ಇದರಲ್ಲಿ ಒಂದು ಸೂಕ್ಷ್ಮವಿದೆ. ನಕ್ಷತ್ರಗಳ ಲೆಕ್ಕದ ವರ್ಷ ಕ್ಯಾಲೆಂಡರ್ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ದೊಡ್ಡದು. ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನದಂತೆ ಆರಿದ್ರಾ ಮುಂದಕ್ಕೆ ಸರಿಯುತ್ತಾ ಬಂದಿದೆ. 1901ರ ಆರಿದ್ರಾ ಈಗಿನದಕ್ಕಿಂತ ಒಂದೂವರೆ ಎರಡು ದಿನ ಮೊದಲೇ ಶುರುವಾಗುತ್ತಿತ್ತು. ಹದಿಮೂರು ದಿನದ ಮಳೆಯಲ್ಲಿ ಎರಡು ದಿನ ದೊಡ್ಡ ಪಾಲು. ಸ್ಕ್ರಿಪ್ಟಿನಲ್ಲಿ ಇದಕ್ಕೊಂದು ಸಾಲು ಬೇಕೇ ಬೇಕು.

ಹೀಗೆ ತಯಾರಾದ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಚಿಕ್ಕಪ್ಪನ ಮುಂದಿಟ್ಟೆ. ನಮ್ಮ ಸೀಮೆಯ ಮಳೆಯ ರೂಪ ಅದರಲ್ಲಿ ಸ್ಪಷ್ಟ: ಮುಂಗಾರಿಗೆ ಮುಂಚಿನ ಮೇ ತಿಂಗಳ ಗುಡುಗು ಮಳೆ ಒಂದು ಏರು, ಮೃಗಶಿರ ಆರಿದ್ರಾಗಳಲ್ಲಿ ಇಳಿತ, ಆಮೇಲೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ ವರ್ಷದ ದೊಡ್ಡ ಏರು. ಮಲೆನಾಡಿಗೆ ಜೂನ್ ಜುಲೈನಲ್ಲಿ ಸುರಿಯುವ ಮೋಡ ಘಟ್ಟ ಇಳಿದು ನಮ್ಮ ಬಯಲಿಗೆ ಬರುವಷ್ಟರಲ್ಲಿ ಹಗುರಾಗಿರುತ್ತದೆ. ಆರಿದ್ರಾ ನಮಗೆ ಎಂದೂ ದೊಡ್ಡ ಮಳೆಯಾಗಿರಲಿಲ್ಲ. ಚೆನ್ನಾಗಿ ಹೊಯ್ದ ಕೆಲವು ವರ್ಷಗಳು ನೆನಪಿನಲ್ಲಿ ಉಳಿದಿವೆ. ಇನ್ನು ಕಡಿಮೆಯಾಗುತ್ತಿದೆಯೇ ಎಂಬ ಮಾತು. ಹದಿಮೂರು ದಿನದ ಮಳೆ ವರ್ಷದಿಂದ ವರ್ಷಕ್ಕೆ ಏರಿಳಿಯುವ ಪರಿ ನೋಡಿದರೆ ಹತ್ತು ಇಪ್ಪತ್ತು ವರ್ಷದ ಇಳಿಜಾರು ಗೆರೆ ಎಳೆದು ಹೌದೆನ್ನುವುದು ನನಗೆ ಒಪ್ಪಿಗೆಯಿಲ್ಲ. ಅದನ್ನೂ ಅವರಿಗೆ ಹೇಳಿದೆ. ಅವರು ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದ್ದು ಬೇರೆ: "ಇದು ಯಾವೂರ ಮಳೆ? ನಮ್ಮೂರಾಗೆ ಹೊಯ್ದು ಪಕ್ಕದ ಊರ್ಗೆ ಹನಿ ಬೀಳದ ದಿನ ಎಷ್ಟಿಲ್ಲ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ವಿಜ್ಞಾನಿಯೂ ಕೇಳಲಾರ. ಕಾಲು ಡಿಗ್ರಿಯ ಚೌಕ ಎಂದರೆ ನಮ್ಮ ಅಕ್ಷಾಂಶದಲ್ಲಿ ಸುಮಾರು ಇಪ್ಪತ್ತೇಳು ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಏಳುನೂರಕ್ಕೂ ಹೆಚ್ಚು ಚದರ ಕಿಲೋಮೀಟರಿಗೆ ಒಂದೇ ಸಂಖ್ಯೆ. ಅದೂ ಆ ಬಿಂದುವಿನಲ್ಲಿ ಮಾಪಕ ಇಟ್ಟು ಅಳೆದದ್ದಲ್ಲ. ದೇಶದ 6,955 ಮಳೆ ಕೇಂದ್ರಗಳ ದಾಖಲೆ ತೆಗೆದುಕೊಂಡು, ಹತ್ತಿರದ ಕೇಂದ್ರಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ ತೂಕ ಕೊಟ್ಟು ಅಂದಾಜಿಸಿದ ಮಳೆ. ಈ ಕ್ರಮವನ್ನು ವಿವರಿಸಿದ ಪ್ರಬಂಧ ಇಲಾಖೆಯ 'ಮೌಸಮ್' ಪತ್ರಿಕೆಯಲ್ಲಿ 2014ರಲ್ಲಿ ಪ್ರಕಟವಾಯಿತು. ಅಷ್ಟೂ ಕೇಂದ್ರಗಳು ಎಲ್ಲ ಕಾಲದಲ್ಲೂ ಇದ್ದವಲ್ಲ. ಒಂದು ಹಳ್ಳಿಯ ಮೇಲೆ ಮೋಡ ಒಡೆದರೆ ಅದು ಚೌಕದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಶತಮಾನದ ಓಟವನ್ನು ತಿಳಿಯಲು ಈ ಫೈಲುಗಳಿಗೆ ಸಾಟಿಯಿಲ್ಲ. ನಿನ್ನೆ ನಮ್ಮ ಹೊಲಕ್ಕೆ ಎಷ್ಟು ಬಿತ್ತು ಎಂದು ಇವನ್ನು ಕೇಳಬಾರದು.

ಅದಕ್ಕೆ ಬೇರೆ ಲೆಕ್ಕವಿದೆ. ಬರಗಾಲದ ಮೇಲೆ ಕಣ್ಣಿಡಲು 1988ರಲ್ಲಿ ಶುರುವಾದ ಘಟಕವೇ ಬೆಳೆದು ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಅದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೂರಿಸಿರುವ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಯಲಹಂಕದ ಕೇಂದ್ರಕ್ಕೆ ಲೆಕ್ಕ ಕಳಿಸುತ್ತವೆ. ಹವಾಮಾನ ಆಧಾರಿತ ಬೆಳೆ ವಿಮೆಗೂ ಇಂಥ ಮಾಪಕಗಳ ಲೆಕ್ಕವೇ ಆಧಾರ. ಇವುಗಳ ಇತಿಹಾಸ ಚಿಕ್ಕದು, ಆದರೆ ನೆಲಕ್ಕೆ ಹತ್ತಿರ.

ಈ ವರ್ಷ ನನ್ನ ವಿದ್ಯಾರ್ಥಿಗಳಿಗೆ ಕೊಟ್ಟಿರುವ ಕೆಲಸ ಎರಡನ್ನೂ ಪಕ್ಕಪಕ್ಕ ಇಡುವುದು. ಹೋಬಳಿಯ ಮಾಪಕಗಳ ಮಳೆಯನ್ನು ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಕೂಡಿ, 3,418 ಮತ್ತು 3,283 ದಾಟಿದರೆ ಸಿಗುವ ಸಂಖ್ಯೆಗಳ ಜೊತೆ ಹೋಲಿಸಬೇಕು. 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು ಇಲಾಖೆ ಮಳೆಯ ದಿನವೆಂದು ಎಣಿಸುತ್ತದೆ. ಅಂಥ ಎಷ್ಟು ದಿನ ಎರಡೂ ಲೆಕ್ಕ ಒಂದೇ ಮಾತು ಹೇಳುತ್ತವೆ, ಎಷ್ಟು ದಿನ ಹೇಳುವುದಿಲ್ಲ ಎಂದು ಬರೆದಿಡಬೇಕು. ರೇಷ್ಮೆ ಮನೆಗಳಿಂದ ಬರುವ ಮಕ್ಕಳು ಇನ್ನೊಂದನ್ನು ತಾವಾಗಿಯೇ ಸೇರಿಸಿದ್ದಾರೆ: ಮೂರು ದಿನ ಬಿಡದೆ ಸುರಿದ ಮಳೆಗಳು ಯಾವ ಯಾವ ನಕ್ಷತ್ರದಲ್ಲಿ ಹೆಚ್ಚು ಎಂದು ಬೇರೆಯೇ ಒಂದು ಕಾಲಂ.